ಪಟ್ಟಿಯ ಮೂರನೆಯ ಹೆಸರು

ಆ ಬೆಳಿಗ್ಗೆಯೂ ಎಂದಿನಂತೆ ಇಡ್ಲಿ ಬೇಯಲಿಟ್ಟು, ಇವರ ಅಂಗಿಗೆ ಇಸ್ತ್ರಿ ಹಾಕಿ, ಖಾಲಿ ಹೊಟ್ಟೆಗೆ ನಾಲ್ಕು ಮಾತ್ರೆ ನುಂಗಿದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆಂದು ಡಾಕ್ಟರ್ ಹೇಳಿದ್ದರು. ಆದರೂ ದಿನವೂ ಬೆಚ್ಚುತ್ತೇನೆ.

ಒಂದೂವರೆ ತಿಂಗಳ ಕೆಮ್ಮನ್ನು ಮುಂಬಯಿ ಪಕ್ಕದ ಈ ಡೊಂಬಿವಲಿಯ ಧೂಳು ಎಂದುಕೊಂಡಿದ್ದೆ.

ಟಿಬಿ.

ಪ್ರೈವೇಟ್ ಡಾಕ್ಟರಾದರೂ ರೋಗಿಯ ಹೆಸರನ್ನು ಸರಕಾರಕ್ಕೆ ತಿಳಿಸಲೇಬೇಕಂತೆ. ಔಷಧ ಪುಕ್ಕಟೆ ಬಂತು. ಅದರ ಹಿಂದೆಯೇ, ನನ್ನೊಡನೆ ಒಂದೇ ಗಾಳಿ ಉಸಿರಾಡಿದವರ ಪಟ್ಟಿ ಕೇಳಲು ಆರೋಗ್ಯ ಕೇಂದ್ರದ ಕಾರ್ಯಕರ್ತೆ, ಇಲ್ಲಿ ಎಲ್ಲರೂ ಮರಾಠಿಯಲ್ಲಿ ‘ತಾಯಿ’, ಅಂದರೆ ಅಕ್ಕ, ಎಂದು ಕರೆಯುವವರು, ಅಂದು ಹನ್ನೊಂದಕ್ಕೆ ಬರುವವರಿದ್ದರು.

ಉಲ್ಹಾಸನಗರದ ನಮ್ಮ ಹೋಟೆಲಿಗೆ ಹೊರಟ ಇವರು ಬಾಗಿಲಲ್ಲಿ ನಿಂತರು. “ನಮ್ಮಿಬ್ಬರ ಹೆಸರು ಸಾಕು. ಶರಣಮ್ಮನನ್ನು ಎಳೆಯಬೇಡ ಮಾರಾಯ್ತಿ. ಬಿಲ್ಡಿಂಗಲ್ಲಿ ಗೊತ್ತಾದ್ರೆ ಅವಳ ಕೆಲಸದ ನಾಲ್ಕು ಮನೆಯೂ ಹೋಯ್ತು.”

ಸುದ್ದಿ ಹಬ್ಬಿದರೆ ಗಿರಾಕಿ ತಪ್ಪುವ ಹೋಟೆಲಿನ ಮಾತು ಎತ್ತಲಿಲ್ಲ. ಎತ್ತದಿದ್ದದ್ದೇ ಕೇಳಿಸಿತು.

ಶರಣಮ್ಮ ಕಲಬುರಗಿ ಕಡೆಯವಳು, ನಮ್ಮ ಪಾತ್ರೆ ತೊಳೆಯುವವಳು. ಎರಡು ವರ್ಷದ ಅವಳ ಮಗಳು ನಮ್ಮ ಅಡುಗೆಮನೆಯ ಚಾಪೆಯ ಮೇಲೇ ಮಲಗುತ್ತಾಳೆ. ನನ್ನ ಕೆಮ್ಮಿಗೂ ಮಾಸ್ಕಿಗೂ ಅಲರ್ಜಿ ಕಾರಣವೆಂದು ಶರಣಮ್ಮನಿಗೆ ಸುಳ್ಳು ಹೇಳಿದ್ದೆ.

ತಾಯಿ ಲಿಫ್ಟ್ ಬಿಟ್ಟು ಮೂರು ಮಹಡಿ ಹತ್ತಿ ಬಂದರು. ಲಿಫ್ಟಿನಲ್ಲಿ ಯಾರ ಮನೆಗೆಂದು ಜನ ಕೇಳುತ್ತಾರಂತೆ. ಐಡಿ ಕಾರ್ಡು ಸೆರಗಿನೊಳಗಿತ್ತು. ನನ್ನ ಗುಟ್ಟಿಗಾಗಿ ಗುರುತಿಲ್ಲದ ಹೆಂಗಸೊಬ್ಬಳು ಇಷ್ಟು ಏದುಸಿರು ಬಿಡುತ್ತಾಳೆ ಎಂದು ನಾನು ಎಂದೂ ಎಣಿಸಿರಲಿಲ್ಲ.

ನನ್ನದೂ ಇವರದೂ ಎರಡು ಹೆಸರು ಬರೆದುಕೊಂಡರು. “ಅಜೂನ್ ಕೋಣ್?” ಇನ್ನು ಯಾರು?

ಒಳಗೆ ಪಾತ್ರೆಯ ಸದ್ದು.

ಕಾನ್ವೆಂಟಿನಲ್ಲಿ ಕಲಿತವಳು ನಾನು. ಫಾರ್ಮಿನ ಗೆರೆ ಖಾಲಿ ಬಿಡಲು ಈಗಲೂ ಅಂಜಿಕೆ. ಕಾಯಿದೆ ಸರಿಯೇ. ಆದರೆ ಅದು ನನ್ನಿಂದ ಕೇಳುವುದು ಸ್ವಲ್ಪ ಮಾನ, ಶರಣಮ್ಮನಿಂದ ಊಟ. ಕೇಳದೆ ಅವಳ ಹೆಸರು ಕೊಡುವುದೂ ತಪ್ಪು, ಕೊಡದೆ ಆ ಮಗುವನ್ನು ಬಿಡುವುದೂ ತಪ್ಪು. “ಒಂದು ನಿಮಿಷ” ಎಂದು ಒಳಗೆ ಹೋಗಿ, ಮಾಸ್ಕಿನೊಳಗಿಂದಲೇ ನಿಜ ಹೇಳಿದೆ.

ಶರಣಮ್ಮ ನಲ್ಲಿ ನಿಲ್ಲಿಸಿದಳು. ಚಾಪೆಯತ್ತ ನೋಡಿದಳು.

“ಅಲರ್ಜಿ ಅಂದಿದ್ರಲ್ರೀ ಅಕ್ಕಾರ?”

ತಪ್ಪಾಯಿತೆಂದೆ, ಹೆಸರು ಬರೆಸಿದರೆ ಕೆಲಸದ ಮನೆಗಳು ಹೋಗಬಹುದೆಂದೂ ಹೇಳಿದೆ.

“ಮನಿ ಹೋದ್ರ ಇನ್ನೊಂದು ಮನಿ ಸಿಗ್ತದ. ಮದಲ ಕೂಸಿನ ಹೆಸರು ಬರಸ್ತೀನಿ. ನಂದು ಆಮ್ಯಾಲ.”

ಕೈ ಒರೆಸಿಕೊಂಡು ತಾನೇ ಹೊರಗೆ ಹೋಗಿ ತಾಯಿಯ ಮುಂದೆ ಕುಳಿತು ಬರೆಸಿದಳು. ಇಬ್ಬರಿಗೂ ನಾಳೆ ತಪಾಸಣೆ, ಎಕ್ಸ್‌ರೇ. ರೋಗವಿಲ್ಲದಿದ್ದರೆ ಬರದಂತೆ ಮಗುವಿಗೆ ಔಷಧ. ಸರಕಾರ, ನೀತಿ ಎಂದು ಪೇಪರಿನಲ್ಲಿ ಓದುವ ದೊಡ್ಡ ಮಾತುಗಳೆಲ್ಲ ನಿಂತಿರುವುದು ಇಂಥವರ ಧೈರ್ಯದ ಮೇಲೆ ಎಂದು ನನಗೆ ಅಂದು ಕಂಡಿತು.

ಸಂಜೆ ಹೆದರುತ್ತಲೇ ಬಾಲ್ಕನಿಗೆ ಹೋದೆ. ಪಕ್ಕದ ಮನೆಯ ಮೈಸೂರಿನ ಲಲಿತಾ ಬಟ್ಟೆ ತೆಗೆಯುತ್ತಿದ್ದರು. ಶರಣಮ್ಮ ಅವರ ಮನೆಯಲ್ಲೂ ಕೆಲಸ ಮಾಡುತ್ತಾಳೆ. ನನ್ನನ್ನು ಕಂಡು, ಕ್ಲಿಪ್ಪನ್ನು ಹಲ್ಲಲ್ಲಿ ಕಚ್ಚಿಕೊಂಡೇ ಅಂದರು:

“ರೀ, ಶರಣಮ್ಮ ಎಲ್ಲಾ ಹೇಳಿದ್ಳು. ನಾಳೆ ಎಕ್ಸ್‌ರೇಗೆ ಹೋಗ್ತಾಳಲ್ಲ, ನಮ್ಮಿಬ್ಬರ ಮನೆಗೂ ಬರೋದು ಮಧ್ಯಾಹ್ನ ಆಗುತ್ತೆ. ಪಾತ್ರೆ ಒಣಗೋಕೆ ಬಿಡ್ಬೇಡಿ, ನೆನೆಸಿಡಿ.”