ಮೂರು ಸೀಟು ಖಾಲಿ ಇದ್ದರೂ ಹೊರಟ ಆಟೋ

ಗೆಳೆಯರೇ, ನಮ್ಮೂರು ದಾಳಿಂಬದ ಶೇರ್ ಆಟೋ ಸೀಟು ತುಂಬದೆ ಉಮರಗಾಕ್ಕೆ ಹೊರಡುವುದಿಲ್ಲ. ಇವತ್ತು ಹೊರಟಿತು.

ನನ್ನ ಜೊತೆ ಅಣ್ಣನ ಮಗಳು ಮಹಾದೇವಿ ಇದ್ದಳು. ಉಮರಗಾದ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡು ವರ್ಷ ಮುಗಿಸಿದ್ದಾಳೆ. ಕೊನೆಯ ವರ್ಷವನ್ನೂ ಇಲ್ಲೇ ಓದಬೇಕೋ, ಕಲಬುರಗಿಯ ವಿಶ್ವವಿದ್ಯಾಲಯಕ್ಕೆ ಈಗಲೇ ಹೋಗಬೇಕೋ ಎಂದು ಮನೆಯಲ್ಲಿ ತಿಂಗಳಿಂದ ಚರ್ಚೆ. ಅಲ್ಲಿ ಕೊನೆಯ ವರ್ಷಕ್ಕೆ ಪ್ರವೇಶ ಸಿಕ್ಕಿದೆ. ಇಲ್ಲಿಂದ ಟಿ.ಸಿ. ಪಡೆಯಲು ಇವತ್ತೇ ಕೊನೆಯ ದಿನ.

ವಿಷಯ ತಿಳಿದ ಕೂಡಲೇ ಆಟೋದಲ್ಲಿ ಎದುರಿಗೆ ಕೂತಿದ್ದ ಅಜ್ಜಿ, "ಒಂದ್ ವರ್ಸ ತಡಿಯವ್ವ. ಅರ್ಧಾ ಬೆಂದ ರೊಟ್ಟಿ ಹಂಚಿನ ಮ್ಯಾಲಿಂದ ಯಾರರ ತಗೀತಾರೇನ?" ಎಂದಳು.

ಡ್ರೈವರ್ ಬಂಡೆಪ್ಪ ತಲೆಯಾಡಿಸಿದ. "ಖರೇ ಅದ. ಪೂರಾ ಮುಗಿಸೇ ಹೋಗು. ನಾ ನೋಡು, ಸೀಟ್ ತುಂಬಲಾರದ ಗಾಡಿ ಬಿಡಂಗೇ ಇಲ್ಲ."

"ಕಾಕಾ, ಕಾಲೇಜಿನ ಆಫೀಸ್ ಒಂದಕ್ಕ ಬಂದ್ ಆಗ್ತದ್ರೀ," ಎಂದಳು ಮಹಾದೇವಿ. "ಇಲ್ಲೇ ಕೂತು ವ್ಯಾಳ್ಯಾ ಹೋತಂದ್ರ ಅದು ನನ್ನ ಫೈಸಲಾ ಆಗಂಗಿಲ್ಲ, ನಿಮ್ಮ ಆಟೋದ್ ಆಗ್ತದ."

ಬಂಡೆಪ್ಪ ಮೂರು ಖಾಲಿ ಸೀಟುಗಳನ್ನು ಒಮ್ಮೆ ನೋಡಿ ಗಾಡಿ ಚಾಲು ಮಾಡಿದ. ಹನ್ನೆರಡೂ ಮುಕ್ಕಾಲಿಗೆ ಕಾಲೇಜಿನ ಗೇಟಿಗೇ ಇಳಿಸಿದ. ಟಿ.ಸಿ. ಕೈಗೆ ಬಂತು.

ಬಂಡೆಪ್ಪನ ಸಲಹೆಯನ್ನು ಮಹಾದೇವಿ ಪಾಲಿಸಲಿಲ್ಲ. ಬಂಡೆಪ್ಪನೂ ಪಾಲಿಸಲಿಲ್ಲ.