ಮೂಕಿ, ಬಾಯಿಬಡಕ ಮತ್ತು ಫೋಟೋ ಅಕ್ಕ

ಹೆರಿಗೆ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ಹಜಾರದ ಕೊನೆಗೆ, ಬಾಗಿಲ ಮೇಲೆ ನಂಬರು ಬಿಟ್ಟರೆ ಬೇರೇನೂ ಬರೆಯದ ಕೋಣೆಯೊಂದಿದೆ. ಉಳಿದ ಕೋಣೆಗಳಲ್ಲಿ ಹಸುಗೂಸುಗಳು ಅಳುತ್ತವೆ. ಇಲ್ಲಿ ಅಳುವವರು ದೊಡ್ಡವರು ಮಾತ್ರ. ಈಗಷ್ಟೇ ಬೆಳಕು ಹರಿಯುತ್ತಿದೆ. ಫೋಟೋ ಅಕ್ಕ ಕಿಟಕಿಯ ಪರದೆಯನ್ನು ಒಂದು ಗೇಣು ಸರಿಸಿ, ಸ್ಟ್ಯಾಂಡಿನ ಮೂರು ಕಾಲುಗಳನ್ನು ಸದ್ದಾಗದಂತೆ ಅಗಲಿಸುತ್ತಿದ್ದಾರೆ. ಮಂಚದ ಮೇಲೆ ಎಳೆವಯಸ್ಸಿನ ತಾಯಿ, ಅವಳ ಮಡಿಲಲ್ಲಿ ಹಳದಿ ಕುಲಾವಿ ತೊಟ್ಟ ಮಗು. ಹುಟ್ಟುವಾಗಲೇ ಮಗುವಿಗೆ ಉಸಿರಿರಲಿಲ್ಲ.

ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಾವೆಲ್ಲ ಆಡಿಕೊಂಡು ನಗುತ್ತೇವೆ. ಈ ಕೋಣೆಗೆ ಬರುವವರೆಲ್ಲ ಕುಲಾವಿ ಹೊಲಿಸಿಟ್ಟುಕೊಂಡೇ ಬಂದವರು. ಅದನ್ನು ಮಗುವಿಗೆ ತೊಡಿಸಿ ಒಂದು ಫೋಟೋ ತೆಗೆಸಿಕೊಳ್ಳುವುದಷ್ಟೇ ಅವರ ಪಾಲಿಗೆ ಉಳಿಯುವುದು. ಆ ಫೋಟೋ ತೆಗೆಯುವುದು ಫೋಟೋ ಅಕ್ಕನ ಕೆಲಸ. ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು ಹಾಗೇ. ಅವರಿಗೆ ಇನ್ನೊಂದು ಹೆಸರಿದೆ ಎಂಬುದು ಅಲ್ಲಿ ಯಾರಿಗೂ ನೆನಪಿಲ್ಲ.

ಹೊಟ್ಟೆಪಾಡಿಗೆ ಬಸ್ ನಿಲ್ದಾಣದ ಹಿಂದೆ ಅವರದೊಂದು ಪುಟ್ಟ ಅಂಗಡಿ ಇದೆ. ದಿನಕ್ಕೆ ಹತ್ತಿಪ್ಪತ್ತು ಜನರನ್ನು ಸ್ಟೂಲಿನ ಮೇಲೆ ಕೂರಿಸಿ, "ಗಲ್ಲ ಸ್ವಲ್ಪ ಮೇಲೆ, ನಗಬೇಡಿ" ಎನ್ನುತ್ತ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಾರೆ. ಒಮ್ಮೆ ಹೀಗೆ ಫೋಟೋ ತೆಗೆಸಲು ಬಂದ ವಾರ್ಡಿನ ಸಿಸ್ಟರ್, ಏಳುವಾಗ ಮೆಲ್ಲಗೆ ಕೇಳಿದರಂತೆ: "ನಮ್ಮಲ್ಲಿಗೆ ಒಂದ್ಸಲ ಬರ್ತೀರಾ ಅಕ್ಕ? ನಗಬೇಡಿ ಅಂತ ಅಲ್ಲಿ ಯಾರಿಗೂ ಹೇಳಬೇಕಾಗಿಲ್ಲ." ಅಂದಿನಿಂದ ಕರೆ ಬಂದಾಗಲೆಲ್ಲ ಅಂಗಡಿಯ ಬಾಗಿಲು ಮುಚ್ಚುತ್ತದೆ. ಈ ಕೋಣೆಯ ಕೆಲಸಕ್ಕೆ ಅವರು ಬಿಲ್ ಬರೆಯುವುದಿಲ್ಲ.

ಎಲ್ಲರ ಕೈಯಲ್ಲೂ ಫೋನಿರುವ ಕಾಲದಲ್ಲಿ ಈ ರೀಲಿನ ಕ್ಯಾಮೆರಾ ಯಾಕೆ? ಅಕ್ಕ ಈ ಪ್ರಶ್ನೆಗೆ ಬೇಸರಿಸುವುದಿಲ್ಲ.

"ಫೋನಲ್ಲಿದ್ದರೆ ಮನೆಯವರೇ ಅಳಿಸಿಬಿಡ್ತಾರೆ. ಕೆಟ್ಟವರೇನಲ್ಲ. ನೋಡಿ ನೋಡಿ ಅಳ್ತಾಳೆ, ಮರೀಲಿ ಪಾಪ ಅಂತ ಅಳಿಸ್ತಾರೆ. ಎಷ್ಟೋ ವರ್ಷ ಆದ್ಮೇಲೆ ಅವಳೊಬ್ಬಳೇ ನನ್ನ ಅಂಗಡಿ ಹುಡುಕ್ಕೊಂಡು ಬರ್ತಾಳೆ. ನೆಗೆಟಿವ್ ಇದ್ರೆ ಇನ್ನೊಂದು ಮಾಡಿ ಕೊಡಬಹುದಲ್ಲ."

ಅವರು ಬಳಸುವ ರೀಲು ಅಗಲದ್ದು, ಒಂದಕ್ಕೆ ಹನ್ನೆರಡೇ ಚಿತ್ರ. ನೆಗೆಟಿವನ್ನು ಹಾಗೇ ಕಾಗದದ ಮೇಲಿಟ್ಟು ಬೆಳಕು ಬಿಟ್ಟರೆ ಅಂಗೈಯಷ್ಟೂ ಇಲ್ಲದ ಚೌಕದ ಫೋಟೋ ಸಿಗುತ್ತದೆ. ಅದನ್ನು ಪರ್ಸಿನಲ್ಲೋ ಫೋನಿನ ಕವರಿನ ಹಿಂದೆಯೋ ಬಚ್ಚಿಡಬಹುದು. ಬಚ್ಚಿಡಬೇಕಾಗುತ್ತದೆ ಎನ್ನುವುದು ಅಕ್ಕನಿಗೆ ಚೆನ್ನಾಗಿ ಗೊತ್ತು.

ಅವರ ಕ್ಯಾಮೆರಾದ ಹೆಸರು ಮೂಕಿ. ಒಂದರ ಮೇಲೊಂದು ಎರಡು ಕಣ್ಣು ಅದಕ್ಕೆ. ಮೇಲಿನದು ನೋಡುವುದಕ್ಕೆ, ಕೆಳಗಿನದು ತೆಗೆಯುವುದಕ್ಕೆ. ಗುಂಡಿ ಒತ್ತಿದರೆ ಒತ್ತಿದವರಿಗೇ ಕೇಳಿಸದು. ಆದರೆ ಗುಣದ ಹಿಂದೆ ದೋಷವೂ ಇದೆ. ತೀರಾ ಹತ್ತಿರದಿಂದ ತೆಗೆಯುವಾಗ ಮೇಲಿನ ಕಣ್ಣು ಕಂಡದ್ದೆಲ್ಲ ಕೆಳಗಿನ ಕಣ್ಣಿಗೆ ಕಾಣುವುದಿಲ್ಲ, ಮೇಲ್ಭಾಗ ಕತ್ತರಿಸಿಹೋಗುತ್ತದೆ. ಅದಕ್ಕಾಗಿ ಬಡಗಿಯಾದ ಗಂಡ ಒಂದು ಮರದ ತುಂಡು ಮಾಡಿಕೊಟ್ಟಿದ್ದಾರೆ. ನೋಡುವಾಗ ಅದಿಲ್ಲದೆ ನೋಡಿ, ತೆಗೆಯುವ ಮುಂಚೆ ಕ್ಯಾಮೆರಾದ ಕೆಳಗೆ ಅದನ್ನು ಸೇರಿಸಿದರೆ ಕೆಳಗಿನ ಕಣ್ಣು ಮೇಲಿನದರ ಜಾಗಕ್ಕೆ ಏರುತ್ತದೆ.

ಶುರುವಿನಲ್ಲಿ ಒಮ್ಮೆ ತುಂಡು ಸೇರಿಸಲು ಮರೆತರು. ಮಗುವಿನ ಹಣೆ ಬರಲಿಲ್ಲ. ಮತ್ತೆ ತೆಗೆಯೋಣವೆಂದರೆ ಅಷ್ಟರಲ್ಲಿ ಮಗುವನ್ನು ಒಯ್ದಾಗಿತ್ತು. "'ಪರವಾಗಿಲ್ಲ ಅಕ್ಕ, ಬಾಯಿ ಆದ್ರೂ ಬಂದಿದೆಯಲ್ಲ' ಅಂದಳು ಆ ತಾಯಿ. ಬೈದಿದ್ರೆ ಚೆನ್ನಾಗಿತ್ತು" ಎನ್ನುತ್ತಾರೆ ಅಕ್ಕ.

ಈಗ ಮೂಕಿಗೆ ವಯಸ್ಸಾಗಿದೆ. ಮಂದ ಬೆಳಕಿನಲ್ಲಿ ಕಣ್ಣು ತೆರೆದು ಮುಚ್ಚಲು ಬೇಕಾದ ನಿಧಾನದ ವೇಗಗಳೆಲ್ಲ ಕೆಟ್ಟು ಕೂತಿವೆ. ಗುಂಡಿ ಒತ್ತಿ ಹಿಡಿದು, ಮನಸ್ಸಿನಲ್ಲೇ ಎಣಿಸಿ, ಬಿಡಬೇಕು. ರಿಪೇರಿಯ ತಾತ ಬಿಚ್ಚಿ ನೋಡಿ ತಲೆಯಾಡಿಸಿದರು: "ಒಳಗಿನ ಚಕ್ರದ ಹಲ್ಲು ಸವೆದಿದೆಯಮ್ಮ. ಬಿಡಿಭಾಗ ಸಿಗಲ್ಲ. ಇವತ್ತು ನಡೀತು, ನಾಳೆ ಕೈಕೊಡ್ತು ಅನ್ನೋ ಹಾಗಿದೆ." ನಾಳೆ ಬನ್ನಿ ಎಂದು ಹೇಳಲಾಗದ ಜಾಗದಲ್ಲಿ ಅದು ಕೈಕೊಟ್ಟರೆ ಒಬ್ಬ ತಾಯಿಯ ಪಾಲಿಗೆ ಏನೂ ಉಳಿಯುವುದಿಲ್ಲ.

ಅದೇ ಹೊತ್ತಿಗೆ ಹಳೆಯ ಸ್ಟುಡಿಯೋ ಒಂದು ಮುಚ್ಚುತ್ತಿತ್ತು. ಅದರ ಯಜಮಾನರು ಒಂದು ತುಂಬಿದ ಚೀಲವನ್ನೇ ಅಕ್ಕನ ಮುಂದಿಟ್ಟರು. ಒಂದೇ ಕಣ್ಣಿನ, ಒಳಗೆ ಕನ್ನಡಿ ಇರುವ ದೊಡ್ಡ ಕ್ಯಾಮೆರಾ, ಬದಲಿಸಿ ಹಾಕಬಹುದಾದ ಲೆನ್ಸುಗಳು, ರೀಲಿನ ಡಬ್ಬಿಗಳು, ಇನ್ನೊಂದು ಕ್ಯಾಮೆರಾಕ್ಕಾಗುವಷ್ಟು ಬಿಡಿಭಾಗ. "ವಾರ ಇಟ್ಟುಕೊಂಡು ನೋಡಮ್ಮ. ಬೇಡ ಅಂದ್ರೆ ಬೇರೆಯವರು ಕಾಯ್ತಿದ್ದಾರೆ." ಕಂಡದ್ದೇ ಬರುತ್ತದೆ, ಹಣೆ ಕತ್ತರಿಸಿಹೋಗುವ ಭಯವಿಲ್ಲ, ಅಕ್ಕನ ಆಯಸ್ಸಿಗೆ ಸಾಲುವಷ್ಟು ಗಟ್ಟಿ. ಇರುವುದು ಒಂದೇ ಕೊರತೆ. ಗುಂಡಿ ಒತ್ತಿದಾಗ ಒಳಗಿನ ಕನ್ನಡಿ ಮೇಲಕ್ಕೆ ಹೊಡೆಯುತ್ತದೆ, ಪೆಟ್ಟಿಗೆಯ ಮುಚ್ಚಳ ಬಿದ್ದ ಹಾಗೆ ಸದ್ದು. ಅಕ್ಕನ ಗಂಡ ಅದಕ್ಕೆ ಬಾಯಿಬಡಕ ಎಂದು ಹೆಸರಿಟ್ಟರು.

ಕಳೆದ ವಾರ ಅದನ್ನೇ ಹೊತ್ತು ಈ ಕೋಣೆಗೆ ಬಂದರು. ತಾಯಿ, ತಂದೆ, ಅಜ್ಜಿ, ಬಟ್ಟೆಯಲ್ಲಿ ಸುತ್ತಿದ ಮಗು. ಗುಂಡಿ ಒತ್ತಿದರು. ಆ ಸದ್ದಿಗೆ ಎಲ್ಲರೂ ಬೆಚ್ಚಿಬಿದ್ದು, ತಕ್ಷಣ ಮಗುವಿನ ಕಡೆ ನೋಡಿದರು.

"ಎಂಥ ನಿದ್ದೆಯಲ್ಲಿದ್ರೂ ಕೂಸು ಆ ಸದ್ದಿಗೆ ಕೈ ಅದುರಿಸಬೇಕಲ್ವಾ? ಅದುರಿಸುತ್ತೆ ಅಂತಲೇ ನೋಡಿದ್ರು. ಅಜ್ಜಿ ಬಂದು ಎದೆ ಮೇಲೆ ಕೈಯಿಟ್ಟು ನೋಡಿದ್ರು." ಎನ್ನುತ್ತಾರೆ ಅಕ್ಕ. "ಆ ಮಗು ಅವರಿಗೆ ಎರಡನೇ ಸಲ ಹೋಯ್ತು. ಕಳೆದವಳು ನಾನು."

ಚೀಲ ಹಿಂದಿರುಗಿಸುತ್ತೇನೆ ಎಂದಾಗ ಗಂಡ ಒಪ್ಪಲಿಲ್ಲ. "ಸದ್ದು ಒಂದು ಗಳಿಗೆದು ಕಣೇ. ಫೋಟೋನೇ ಬರಲಿಲ್ಲ ಅಂದ್ರೆ ಅದು ಅವರಿಗೆ ಜನ್ಮಪೂರ್ತಿ. ಹಣೆ ಹೋಗಿದ್ದು ಮರೆತ್ಯಾ?" ಮಾತಿನಲ್ಲಿ ಸುಳ್ಳಿಲ್ಲ. ಎರಡರಲ್ಲಿ ಯಾವುದನ್ನು ಹಿಡಿದರೂ ನೋವು ತಪ್ಪಿದ್ದಲ್ಲ. ಆದರೂ ಅಕ್ಕ ನಿನ್ನೆ ಸಂಜೆ ಚೀಲವನ್ನು ಸ್ಟುಡಿಯೋಕ್ಕೆ ಕೊಟ್ಟು ಬಂದರು. ರಾತ್ರಿ ಗಂಡ ಮರದ ತುಂಡಿನ ಅಂಚನ್ನು ಉಜ್ಜಿ ನಯ ಮಾಡಿ ಅಕ್ಕನ ಕೈಚೀಲದಲ್ಲಿಟ್ಟರು.

ಇಂದು ಬೆಳಗ್ಗೆಯೇ ಈ ಕರೆ.

ಅಕ್ಕ ತಲೆ ತಗ್ಗಿಸಿ ಮೂಕಿಯೊಳಗೆ ನೋಡುತ್ತಾರೆ. ಮರದ ತುಂಡು ಸೇರಿಸುತ್ತಾರೆ. ಸೇರಿಸಿದ್ದನ್ನು ಬೆರಳಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳುತ್ತಾರೆ. ತಾಯಿ ಕುಲಾವಿಯ ದಾರ ಸರಿಪಡಿಸುತ್ತಿದ್ದಾಳೆ, ಮಗುವಿಗೆ ಏನೋ ಹೇಳುತ್ತಿದ್ದಾಳೆ. ಗುಂಡಿ ಒತ್ತಿ ಹಿಡಿದ ಅಕ್ಕನ ತುಟಿ ಅಲುಗುತ್ತದೆ, ಒಂದು, ಎರಡು. ಮತ್ತೊಮ್ಮೆ. ಹೀಗೆ ನಾಲ್ಕು ಸಲ. ಬಾಗಿಲಲ್ಲಿ ನಿಂತ ಸಿಸ್ಟರ್‌ಗೂ ಏನೂ ಕೇಳಿಸುವುದಿಲ್ಲ.

ಮನೆಯ ಬಚ್ಚಲೇ ಅವರ ಕತ್ತಲೆಕೋಣೆ. ರೀಲು ತೊಳೆದು ತಂತಿಗೆ ನೇತುಹಾಕಿ ನೋಡಿದರೆ ಒಂದು ಚಿತ್ರ ಬೆಳಕು ಹೆಚ್ಚಾಗಿ ಸುಟ್ಟು ಕಪ್ಪಾಗಿದೆ. ಮೂಕಿ ತಡವಾಗಿ ಕಣ್ಣು ಮುಚ್ಚಿದ್ದಾಳೆ. ಗಂಡನೂ ಬಗ್ಗಿ ಅದನ್ನು ನೋಡುತ್ತಾರೆ. ಉಳಿದ ಮೂರು ಬಂದಿವೆ. ಅವುಗಳಲ್ಲಿ ತಾಯಿಯ ಕೈಗಳು ಅಲುಗಿ ಮಸುಕಾಗಿವೆ. ಮಗು ಮಾತ್ರ ಸ್ಪಷ್ಟವಾಗಿದೆ. ಹಣೆ ಪೂರ್ತಿ ಇದೆ, ಕುಲಾವಿಯ ಅಂಚಿನಿಂದ ಹೊರಗೆ ಇಣುಕಿದ ಕೂದಲೂ ಇದೆ.

ಮಧ್ಯಾಹ್ನ ಆಸ್ಪತ್ರೆಯಲ್ಲಿ, ಹಾಸಿಗೆಯ ಅಂಚಿಗೆ ಕೂತು ಮನೆಗೆ ಹೊರಡಲು ಕಾಯುತ್ತಿರುವ ತಾಯಿಯ ಅಂಗೈಯಲ್ಲಿ ಅಕ್ಕ ಆ ಚೌಕದ ಫೋಟೋ ಇಡುತ್ತಾರೆ. ಮಡಿಲು ಈಗ ಖಾಲಿ. ಅವಳು ಬಹಳ ಹೊತ್ತು ನೋಡುತ್ತಾಳೆ. ಆಮೇಲೆ ತಲೆಯೆತ್ತುತ್ತಾಳೆ.

"ಇದನ್ನ ಯಾವಾಗ ತೆಗೆದ್ರಿ ಅಕ್ಕ? ನಾನಿನ್ನೂ ಅವನ ಹತ್ರ ಮಾತಾಡ್ತಾ ಇದ್ದೆ. ನಂಗೆ ಗೊತ್ತೇ ಆಗ್ಲಿಲ್ಲ."

"ಗೊತ್ತಾಗಬಾರದು ಅಂತಲೇ, ತಾಯಿ" ಎನ್ನುತ್ತಾರೆ ಫೋಟೋ ಅಕ್ಕ.