ಅಣ್ಣನ ಎಡಗೈ

ಚೆಂಡು ಏಳು ಸಲ ನೆಲಕ್ಕೆ ಬಡಿದ ಸದ್ದು ಕೇಳಿತು. ಎಂಟನೆಯದು ಕೇಳಲಿಲ್ಲ.

ಇದು ಮೊನ್ನೆ, ಬಂಟ್ವಾಳದಲ್ಲಿ ನಾನು ಗಣಿತ ಹೇಳುವ ಹೈಸ್ಕೂಲಿನಲ್ಲಿ, ಮಧ್ಯಾಹ್ನದ ಬಿಡುವಿನ ಹೊತ್ತು. ಹೊರಗೆ ಮಕ್ಕಳು ಬಾಸ್ಕೆಟ್‌ಬಾಲ್ ಆಡುತ್ತಿದ್ದರು. ಒಳಗೆ ಸ್ಟಾಫ್ ರೂಮಿನಲ್ಲಿ ಡ್ರಿಲ್ ಮಾಸ್ಟ್ರೂ ಕನ್ನಡ ಪಂಡಿತರೂ ಅದೇ ಆಟದ ಬಗ್ಗೆ ಜಗಳವಾಡುತ್ತಿದ್ದರು. ಜಗಳವೆಂದರೆ, ಇಬ್ಬರೂ ಒಂದೇ ಮಾತನ್ನು ಬೇರೆ ಬೇರೆ ಗಂಟಲಿನಲ್ಲಿ ಹೇಳುತ್ತಿದ್ದರು.

“ಸಂಬಳಕ್ಕೆ ಆಡ್ಲಿಕ್ಕೆ ಸುರು ಮಾಡಿದ ಮೇಲೆ ಕೈ ಮತ್ತೆ ಪಳಗುದಿಲ್ಲ ಪಂಡಿತರೇ. ಅಷ್ಟರೊಳಗೆ ಎಷ್ಟು ಬಂದಿದೆಯೋ ಅಷ್ಟೇ. ಸಿಮೆಂಟು ಗಟ್ಟಿಯಾದ ಹಾಗೆ.”

“ಸಿಮೆಂಟು ಯಾಕೆ ಮಾಸ್ಟ್ರೇ, ಮಡಕೆ ಅಂತ ಹೇಳಿ. ಸುಟ್ಟ ಮಡಕೆಗೆ ಹಸಿ ಮಣ್ಣು ಹಿಡಿಯುದುಂಟಾ?”

ಡ್ರಿಲ್ ಮಾಸ್ಟ್ರು ನನ್ನ ಕಡೆ ತಿರುಗಿದರು. “ಟೀಚರ್, ನಿಮ್ಮ ಅಣ್ಣ ಮದ್ರಾಸಿನಲ್ಲಿ ಆಡುದಲ್ವಾ? ನೀವು ಹೇಳಿ.”

“ನನಗೆ ಅಷ್ಟು ಗೊತ್ತಿಲ್ಲ,” ಎಂದು ನಾನು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದೆ.

ಗೊತ್ತಿಲ್ಲದೆ ಏನು! ಮೂಡುಬಿದಿರೆಯ ನಮ್ಮ ಮನೆಯ ಅಂಗಳದಲ್ಲಿ ಮೂರು ವಾರ ಇದೊಂದೇ ಪ್ರಶ್ನೆಗೆ ನೋಟ್‌ಬುಕ್ಕು ತುಂಬಿಸಿದವಳು ನಾನು. ಆದರೆ ನಾನು ವಾಕ್ಯ ಜೋಡಿಸಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಬೇರೆ ಯಾರಾದರೂ ಉತ್ತರ ಹೇಳಿ, ಒಪ್ಪಿ, ಚಹಾ ಕುಡಿದು ಮುಗಿಸಿರುತ್ತಾರೆ. ಕಾಗದದ ಮೇಲೆ ಆ ಕಷ್ಟವಿಲ್ಲ. ನೀವು ನಡುವೆ ಬಾಯಿ ಹಾಕುವುದಿಲ್ಲವಲ್ಲ, ಆದ್ದರಿಂದ ನಿಮಗೆ ಹೇಳುತ್ತೇನೆ.

ಆಗ ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಆರು ವರ್ಷವಾಗಿತ್ತು. ಮನೆಯ ಹಿರಿಯರು ಇನ್ನೂ ಮದ್ರಾಸೇ ನಮ್ಮ ರಾಜಧಾನಿ ಎಂಬಂತೆ ಮಾತನಾಡುತ್ತಿದ್ದರು. ಅಣ್ಣ ಅಲ್ಲಿಗೇ ಹೋಗಿದ್ದು ಅವರಿಗೆ ಒಂದು ಸಮಾಧಾನ. ಅವನ ಹೆಸರು ಧರಣೇಂದ್ರ, ಕರೆಯುವುದು ಧರಣಿ. ನಮ್ಮ ಮನೆಯ ಯಾವ ಬಾಗಿಲಿಗೂ ತಲೆ ತಗ್ಗಿಸದೆ ಬರಲಾಗದಷ್ಟು ಎತ್ತರ. ಮಂಗಳೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಅವನ ಆಟವನ್ನು ಯಾರೋ ನೋಡಿ ಮದ್ರಾಸಿನ ಒಂದು ಕಂಪೆನಿಗೆ ಹೇಳಿದ್ದರು. ಕಂಪೆನಿ ತನ್ನ ತಂಡದಲ್ಲಿ ಆಡಲೆಂದೇ ಅವನಿಗೆ ಕೆಲಸ ಕೊಟ್ಟಿತು. ಬೆಳಿಗ್ಗೆ ಅಭ್ಯಾಸ, ಸಂಜೆ ಪಂದ್ಯ, ನಡುವೆ ಕುಳಿತಿರಲು ಒಂದು ಕುರ್ಚಿ.

ಮನೆಯ ಯಜಮಾನರಾದ ನಮ್ಮ ಸೋದರಮಾವನಿಗೆ ಇದನ್ನು ತಿಳಿಯಹೇಳಲು ಎರಡು ತಿಂಗಳು ಹಿಡಿಯಿತು. “ಚೆಂಡು ಬಡಿದದ್ದಕ್ಕೆ ಸಂಬಳವಾ? ಹಾಗಾದರೆ ಬಟ್ಟೆ ಬಡಿಯುವವರಿಗೆ ಎಷ್ಟು ಕೊಡ್ಬೇಕು?” ಎಂದು ಕೇಳುತ್ತಿದ್ದರು. ತಿಳಿದ ಮೇಲೆ ಅದನ್ನು ಸರಕಾರಿ ಕೆಲಸದ ಸಾಲಿಗೆ ಸೇರಿಸಿಬಿಟ್ಟರು. ಸಿಕ್ಕಿತು, ಮುಗಿಯಿತು.

ಮುಗಿದಿರಲಿಲ್ಲ. ಮೇ ತಿಂಗಳಲ್ಲಿ ರಜೆಯ ಮೇಲೆ ಬಂದ ಅಣ್ಣನ ಪೆಟ್ಟಿಗೆಯಲ್ಲಿ ಒಂದು ಚೆಂಡು, ಗಾಳಿ ಹಾಕುವ ಪಂಪು ಮತ್ತು ಅವನ ಕೋಚ್ ಬರೆದ ಚೀಟಿ ಇದ್ದವು. ಚೆಂಡನ್ನು ನೆಲಕ್ಕೆ ಬಡಿಯುತ್ತ ಎದುರಾಳಿಯನ್ನು ದಾಟಿಕೊಂಡು ಹೋಗುವ ಡ್ರಿಬ್ಲಿಂಗ್ ಇವನಿಗೆ ಬಲಗೈಯಲ್ಲಿ ಮಾತ್ರ ಬರುತ್ತದೆ, ಇದು ಈಗ ಎಲ್ಲ ತಂಡಗಳಿಗೂ ತಿಳಿದುಹೋಗಿದೆ, ಜೂನಿನಲ್ಲಿ ಮತ್ತೆ ನೋಡುತ್ತೇನೆ, ಎಡಗೈ ಬಾರದಿದ್ದರೆ ಕೆಲಸ ಖಾಯಂ ಆಗುವುದಿಲ್ಲ. ಚೀಟಿಯಲ್ಲಿ ಇಷ್ಟೇ ಇದ್ದದ್ದು.

ಮಾವ ಎರಡು ಸಲ ಓದಿಸಿ ಕೇಳಿದರು. “ಕೆಲಸ ಕೊಟ್ಟ ಮೇಲೆ ಕಲಿ ಅಂತ ಹೇಳುದು ಎಂತ ಕ್ರಮ? ಕಲ್ತದ್ದಕ್ಕಲ್ವಾ ಕೆಲಸ ಕೊಟ್ಟದ್ದು?”

ಅಣ್ಣನೂ ಜಗಲಿಯ ಕಂಬಕ್ಕೆ ಒರಗಿ ಅದನ್ನೇ ಹೇಳಿದ. “ನನ್ನ ಕೈ ಇನ್ನು ಇಷ್ಟೇ ಮಾರಾಯ್ತಿ. ಇಪ್ಪತ್ತಮೂರು ಆಯ್ತು. ಈಗ ಎಂತ ಕಲಿಯುದು?”

ನನಗೆ ಮೈ ಉರಿಯಿತು. ಇಪ್ಪತ್ತಮೂರು! ಎಪ್ಪತ್ತು ದಾಟಿದ ಅಜ್ಜಿ ಅದೇ ವರ್ಷ ಸೀಮೆಎಣ್ಣೆಯ ಸ್ಟೌ ಹಚ್ಚಲು ಕಲಿತಿದ್ದರು. ಮರುದಿನ ಬೆಳಿಗ್ಗೆಯೇ ಅವನನ್ನು ಎಬ್ಬಿಸಿ ಅಂಗಳಕ್ಕೆ ಇಳಿಸಿದೆ.

ಅಂಗಳವೇನು ನಮ್ಮದೇ? ಮೇ ತಿಂಗಳಲ್ಲಿ ಅದು ಹಲಸಿನ ಹಪ್ಪಳದ ಸ್ವತ್ತು. ಬಿಸಿಲು ಬೀಳುತ್ತಲೇ ಚಾಪೆಗಳು ಹಾಸಲ್ಪಡುತ್ತವೆ, ಚಾಪೆಗಳ ನಡುವೆ ಅಜ್ಜಿ ಉದ್ದ ಕೋಲು ಹಿಡಿದು ಕುಳಿತುಕೊಳ್ಳುತ್ತಾರೆ. ಕಾಗೆ, ಕರು, ಮೊಮ್ಮಕ್ಕಳು, ಯಾರಿಗೂ ರಿಯಾಯಿತಿ ಇಲ್ಲ. ಸಂಜೆ ಚಾಪೆ ಸುತ್ತಿದ ಮೇಲೆ ಆಡೋಣವೆಂದರೆ ನಾವು ಜೈನರು. ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕು. ಚೆಂಡಿಗೆ ಗಾಳಿ ಹಾಕಿ ಹತ್ತು ನಿಮಿಷವಾಗುವಷ್ಟರಲ್ಲಿ ಅಡುಗೆಮನೆಯಿಂದ ಊಟಕ್ಕೆ ಬಾಳೆ ಹಾಕಿದ ಕೂಗು. ಮೂರನೆಯ ದಿನ ಚೆಂಡು ನೇರ ಹಪ್ಪಳದ ಮೇಲೆ ಹೋಗಿ ಬಿತ್ತು. “ಮದ್ರಾಸಿನಲ್ಲಿ ಹಪ್ಪಳ ಒಣಗಿಸುದಿಲ್ವಾ? ಅಲ್ಲಿಯೇ ಹೋಗಿ ಆಡು!” ಎಂದು ಅಜ್ಜಿ ಕೂಗಿದ್ದು ಬಸದಿಯವರೆಗೂ ಕೇಳಿರಬೇಕು.

ಆದರೂ ನಾನು ಬಿಡಲಿಲ್ಲ. ಬಿ.ಎಸ್ಸಿ. ಎರಡನೆಯ ವರ್ಷ ಮುಗಿಸಿದ್ದ ಗರ್ವವೂ ಇತ್ತೆನ್ನಿ. ತಾರೀಕು, ಗಂಟೆ, ಚೆಂಡಿನ ಗಾಳಿ, ಎಡಗೈಯಲ್ಲಿ ತಪ್ಪದೆ ಬಡಿದ ಲೆಕ್ಕ, ಎಲ್ಲವನ್ನೂ ಗೆರೆ ಎಳೆದು ಬರೆದೆ. ಲೆಕ್ಕ ನೋಡಿದರೆ ಹುಚ್ಚು ಹಿಡಿಯಬೇಕು. ಒಂದು ದಿನ ತೊಂಬತ್ತು, ಅದರ ಮರುದಿನ ಎರಡು. ಬೆಳಿಗ್ಗೆ ಎಪ್ಪತ್ತು, ಸಂಜೆ ಒಂದು. ಇಂಥ ಅಂಕಿಗಳಿಂದ ಯಾವ ಸೂತ್ರವೂ ಹುಟ್ಟುವುದಿಲ್ಲ. “ಗಮನ ಕೊಡು ಅಣ್ಣಾ!” ಎಂದು ನಾನು ಬೈಯುವುದು, “ಕೊಡ್ತಾ ಇದ್ದೇನಲ್ಲ!” ಎಂದು ಅವನು ಸಿಡುಕುವುದು. ಹದಿನೈದು ದಿನ ಹೀಗೇ ಹೋಯಿತು.

ಹದಿನಾರನೆಯ ದಿನ ಮಾವ ಬಂದು ನಿಂತು ನೋಡಿದರು. ಚೆಂಡು ಎರಡು ಸಲ ಎದ್ದು ಉರುಳಿಹೋಯಿತು. “ಸಾಕು,” ಎಂದರು ಮಾವ. “ನಿನ್ನ ಇಂಗ್ಲಿಷು ಒಳ್ಳೆಯದುಂಟಲ್ಲ, ಒಂದು ಅರ್ಜಿ ಬರೆ. ಇವನಿಗೆ ಆಟ ಬೇಡ, ಗುಮಾಸ್ತನ ಕೆಲಸವಾದರೂ ಕೊಡಿ ಅಂತ. ಸೋಮವಾರ ಅಂಚೆಗೆ ಹಾಕುವ.”

ನಾನು ಬರೆದೆ. ಅಭ್ಯಾಸದಿಂದ ಪ್ರಯೋಜನವಿಲ್ಲವೆಂದು ಖಚಿತವಾಗಿರುತ್ತದೆ, ಎಂಬ ವಾಕ್ಯ ನನ್ನದೇ, ಅದರ ವ್ಯಾಕರಣಕ್ಕೆ ನಾನು ಸ್ವಲ್ಪ ಹೆಮ್ಮೆಯನ್ನೂ ಪಟ್ಟೆ. ಅಣ್ಣ ಓದದೆ ಸಹಿ ಹಾಕಿದ. ಪೆನ್ನು ಹಿಂದೆ ಕೊಡುವಾಗ ಅವನು ಮುಖ ಎತ್ತಲಿಲ್ಲ. ಅವನಿಗೆ ಆ ಆಟವಲ್ಲದೆ ಬೇರೇನೂ ಬೇಕಿರಲಿಲ್ಲ ಎಂಬುದು ನನಗೆ ಆಗ ಗೊತ್ತಾಯಿತು. ಗೊತ್ತಾದ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು.

ಮರುದಿನ ಶುಕ್ರವಾರ, ಬಸದಿಯಲ್ಲಿ ಪೂಜೆ ಮಾಡುವ ಇಂದ್ರರು ಪ್ರಸಾದ ಹಿಡಿದುಕೊಂಡು ಬಂದರು. ಅಣ್ಣ ಸುಮ್ಮನೆ, ಅಭ್ಯಾಸಬಲದಿಂದ, ಎಡಗೈಯಲ್ಲಿ ಚೆಂಡು ಬಡಿಯುತ್ತಿದ್ದ. ನಾನು ಎಣಿಸುತ್ತಿದ್ದೆ, ಐವತ್ತು ದಾಟಿತ್ತು. “ಆಡು, ಆಡು. ನಾನೂ ಸ್ವಲ್ಪ ನೋಡ್ತೇನೆ,” ಎಂದು ಇಂದ್ರರು ಅವನ ಎದುರಿಗೇ ನಿಂತರು. ಚೆಂಡು ಕೈತಪ್ಪಿತು. ಅಣ್ಣ ಪ್ರಸಾದಕ್ಕೆ ಬಲಗೈ ಚಾಚಿದ, ಎಡಗೈ ತಾನಾಗಿ ಬಂದು ಬಲಗೈಯ ಮೊಣಕೈಯ ಕೆಳಗೆ ವಿನಯದಿಂದ ಸೇರಿಕೊಂಡಿತು.

ಆಗ ಕಂಡಿತು ನನಗೆ. ನನ್ನ ಅಷ್ಟು ಚೆಂದದ ನೋಟ್‌ಬುಕ್ಕಿನಲ್ಲಿ, ಎದುರು ಯಾರು ನಿಂತಿದ್ದರು ಎಂಬ ಒಂದು ಕಾಲಂ ಮಾತ್ರ ಇರಲಿಲ್ಲ. ಎಪ್ಪತ್ತು, ತೊಂಬತ್ತು ಎಂದು ಬರೆದ ದಿನ ಎದುರಿಗಿದ್ದವಳು ನಾನು, ತಂಗಿ. ಒಂದು, ಎರಡು ಎಂದು ಬರೆದ ದಿನ ಮಾವ, ಇಲ್ಲವೇ ಅಜ್ಜಿ.

“ಹಿರಿಯರ ಎದುರು ಎಡಗೈ ಹೇಗೆ ಚಾಚುದು?” ಎಂದು, ನಾನು ಇದನ್ನು ಹೇಳಿದಾಗ, ಅಣ್ಣ ನನ್ನನ್ನೇ ಕೇಳಿದ. “ಕೋಚಿಗೆ ಐವತ್ತು ದಾಟಿದೆ. ಅಭ್ಯಾಸದಲ್ಲಿ ಅವರೇ ಅಡ್ಡ ನಿಲ್ಲುದು. ಆಡುವವರೂ ಹೆಚ್ಚಿನವರು ನನಗಿಂತ ದೊಡ್ಡವರು, ಮದುವೆಯಾದವರು.”

“ಅಣ್ಣಾ, ಅದು ಚೆಂಡು. ವೀಳ್ಯದೆಲೆ ಅಲ್ಲ.”

“ನನ್ನ ತಲೆಗೆ ಗೊತ್ತುಂಟು ಮಾರಾಯ್ತಿ. ಕೈಗೆ ಗೊತ್ತಿಲ್ಲ.”

ಅವನು ಹುಟ್ಟಿನಿಂದ ಎಡಗೈಯವನು. ನಾಲ್ಕೈದು ವರ್ಷದವನಾಗಿದ್ದಾಗ ಊಟದ ಹೊತ್ತಿಗೆ ಅಜ್ಜಿ ಅವನ ಎಡಗೈಯನ್ನು ಹಳೆಯ ಸೀರೆಯ ಅಂಚಿನಿಂದ ಸೊಂಟಕ್ಕೆ ಕಟ್ಟುತ್ತಿದ್ದರಂತೆ. ಎಡಗೈಯಲ್ಲಿ ಯಾರಿಗಾದರೂ ಏನಾದರೂ ಕೊಟ್ಟರೆ ಗೆಣ್ಣಿಗೆ ಕೋಲಿನ ಏಟು. ಅಂದರೆ ಕೋಚ್ ಕಲಿ ಎಂದದ್ದು, ನಾವು ಕಷ್ಟಪಟ್ಟು ಮರೆಸಿದ್ದನ್ನೇ. ನಾನು ನೇರವಾಗಿ ಹಪ್ಪಳದ ಚಾಪೆಯ ಬಳಿಗೆ ಹೋದೆ.

“ಅಜ್ಜಿ, ನೀವು ಅವನ ಎದುರು ನಿಲ್ಲಬೇಕು. ನೀವು ಕಟ್ಟಿದ್ದನ್ನು ನೀವೇ ಬಿಚ್ಚಬೇಕು.”

“ನಾನು ಕಟ್ಟಿದ್ದು ಊಟದ ಹೊತ್ತಿಗೆ ಮಾತ್ರ,” ಎಂದರು ಅಜ್ಜಿ. “ಊಟ ಆದ ಕೂಡಲೇ ಬಿಚ್ಚುತ್ತಿದ್ದೆ.”

ಶನಿವಾರವೂ ಕೇಳಿದೆ. “ಮೊಮ್ಮಗನ ಎಡಗೈ ಮುಖಕ್ಕೆ ಹಿಡಿಸಿಕೊಳ್ಳಲಿಕ್ಕೆ ನಾನು ಬದುಕಿರುದಾ?” ಎಂದು ಕೋಲಿನಿಂದ ಕಾಗೆಯನ್ನೂ ನನ್ನನ್ನೂ ಒಟ್ಟಿಗೆ ಓಡಿಸಿದರು. “ಹಾಗಾದರೆ ಸೋಮವಾರ ಅರ್ಜಿ ಹೋಗ್ತದೆ ಅಜ್ಜಿ. ಅವನು ಇನ್ನು ಆಡುವುದಿಲ್ಲ,” ಎಂದೆ. ಅವರು ಹಪ್ಪಳ ಮಗುಚಿ ಹಾಕುತ್ತಲೇ ಇದ್ದರು.

ಭಾನುವಾರ ಸಂಜೆ ಚಾಪೆ ಸುತ್ತಿ ಆಗಿತ್ತು. ಅಣ್ಣ ಪೆಟ್ಟಿಗೆಗೆ ಹಾಕಲೆಂದು ಚೆಂಡಿನ ಗಾಳಿ ತೆಗೆಯಲು ಹೊರಟಿದ್ದ. ಅಜ್ಜಿ ಒಳಗಿನಿಂದ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಳದ ನಡುವೆ ಎರಡೂ ಕೈ ಅಗಲಿಸಿ ನಿಂತರು. ಕೈಯಲ್ಲಿ ಕೋಲು. ಹಟ್ಟಿಯಿಂದ ತಪ್ಪಿಸಿಕೊಂಡ ಕರುವಿಗೆ ಅಡ್ಡ ನಿಲ್ಲುವ ರೀತಿ ಅದು.

“ಬಾ, ನೋಡುವ. ದಾಟು ನನ್ನನ್ನು.”

ಅಣ್ಣ ನನ್ನ ಮುಖ ನೋಡಿದ. “ಅವಳನ್ನು ಎಂತ ನೋಡುದು? ಇಲ್ಲಿ ನೋಡು!” ಎಂದರು ಅಜ್ಜಿ.

ಅವನು ಬಲಕ್ಕೆ ಬಂದ. ಐವತ್ತು ವರ್ಷ ಕರು ಕಾದವರು ಅಜ್ಜಿ. ಅವನಿಗಿಂತ ಮೊದಲೇ ಅಲ್ಲಿದ್ದರು. ಮತ್ತೆ ಬಂದ, ಎಡಗೈಗೆ ಚೆಂಡು ಕೊಟ್ಟ, ಕೈ ಹಿಂದಕ್ಕೆ ಹೋಗಿ ಅಡಗಿತು, ಚೆಂಡು ಬಾವಿಕಟ್ಟೆಯವರೆಗೆ ಉರುಳಿತು. ಮೂರನೆಯ ಸಲ ಬಲಗೈ ಚೆಂಡಿನತ್ತ ಚಾಚುತ್ತಲೇ ಅಜ್ಜಿಯ ಕೋಲು ಅದರ ಗೆಣ್ಣಿಗೆ ಬಿತ್ತು.

“ಆ ಕೈ ಅಲ್ಲ!”

ಅಜ್ಜಿ ಕೋಲು ಕೆಳಗಿಳಿಸಿದರು. “ಆ ಕೈ ಅಲ್ಲ ಮಗಾ,” ಎಂದು ಮತ್ತೊಮ್ಮೆ ಮೆಲ್ಲಗೆ ಹೇಳಿದರು. “ಅದು. ನಾನು ಹೇಳ್ತಾ ಇದ್ದೇನಲ್ಲ, ಅದನ್ನು ತಾ.”

ನಾಲ್ಕನೆಯ ಸಲ ಅವನು ಎಡಗೈಯಲ್ಲಿ ಚೆಂಡು ಬಡಿಯುತ್ತ ಅಜ್ಜಿಯ ಪಕ್ಕದಿಂದ, ಅವರ ಸೀರೆಗೆ ಗಾಳಿ ತಾಗುವಷ್ಟು ಹತ್ತಿರದಿಂದ, ದಾಟಿಹೋದ. ಆಮೇಲೆ ಎಷ್ಟು ಸಲ ದಾಟಿದನೋ, ನಾನು ಎಣಿಸಲಿಲ್ಲ. ಬಾಳೆ ಹಾಕಿ ಎರಡು ಸಲ ಕರೆದರೂ ಅಜ್ಜಿ “ತಡೆಯಿರಿ ಸ್ವಲ್ಪ” ಎಂದದ್ದು ನನಗೆ ತಿಳಿದಂತೆ ಅದೊಂದೇ ದಿನ. ಬೆಳಕು ಆರುವ ಮೊದಲು ಗಡಿಬಿಡಿಯಲ್ಲಿ ಉಂಡು ಎದ್ದೆವು.

ಅಣ್ಣನ ಕೆಲಸ ಜೂನಿನಲ್ಲಿ ಖಾಯಂ ಆಯಿತು. ಈಗಲೂ ಆಡುತ್ತಾನೆ. ಎಡಗೈ ಬಂದ ಮೇಲೆ ಬೆನ್ನ ಹಿಂದಿನಿಂದ ಕೈ ಬದಲಿಸುವುದನ್ನು ಕಲಿತ, ಅದಾದ ಮೇಲೆ ಇನ್ನೇನೋ. ರಜೆಗೆ ಬಂದಾಗಲೆಲ್ಲ ಒಂದು ಹೊಸತು ತೋರಿಸುತ್ತಾನೆ. “ನಮ್ಮ ರಕ್ತದಲ್ಲೇ ಉಂಟು ಅದು,” ಎಂದು ಮಾವ ಬಂದವರಿಗೆಲ್ಲ ಹೇಳುತ್ತಾರೆ. ಸಂಬಳ ತೆಗೆದುಕೊಳ್ಳುವ ಕೈ ಪಳಗುತ್ತದೆಯೇ ಎಂದು ಡ್ರಿಲ್ ಮಾಸ್ಟ್ರು ಇನ್ನೊಮ್ಮೆ ಕೇಳಿದರೆ, ಆ ಕೈಯ ಎದುರು ಯಾರು ನಿಂತಿದ್ದಾರೆ ಎಂದು ನಾನು ಮೊದಲು ಕೇಳಬೇಕು. ಪಂಡಿತರು ಮಡಕೆಯ ಮಾತು ತೆಗೆಯುವ ಮೊದಲೇ ಕೇಳಬೇಕು.

ಆ ಭಾನುವಾರದ ಮರುದಿನ ಬೆಳಿಗ್ಗೆ ಮಾವ ಬೆಳ್ತಂಗಡಿಗೆ ಹೋಗುವ ಮೊದಲ ಬಸ್ಸಿಗೆ ಹೊರಟಿದ್ದರು. ಮೆಟ್ಟಿಲ ಮೇಲೆ ನಿಂತು ಚಪ್ಪಲಿ ಮೆಟ್ಟುತ್ತ ಕೈ ಚಾಚಿದರು. “ಆ ಲಕೋಟೆ ಕೊಡು. ಬಸ್‌ಸ್ಟ್ಯಾಂಡಿನ ಹತ್ತಿರ ಪೆಟ್ಟಿಗೆಗೆ ಹಾಕ್ತೇನೆ.”

“ಅದು ಹೋಗುವುದು ಬೇಡ ಮಾವ.”

“ಯಾಕೆ?”

“ಅದರಲ್ಲಿ ನಾನು ಬರೆದದ್ದು ಸುಳ್ಳು.”

ಅವರು ಒಂದು ಚಪ್ಪಲಿಯಲ್ಲಿ ಹಾಗೆಯೇ ನಿಂತರು. ಅವರಿಗೆ ಎದುರು ನಿಂತು ಬೇಡ ಎಂದದ್ದು ನನ್ನ ಇಪ್ಪತ್ತು ವರ್ಷಗಳಲ್ಲಿ ಅದೇ ಮೊದಲು. ಅವರು ಇನ್ನೇನಾದರೂ ಹೇಳುವ ಮೊದಲು ಒಳಗೆ ಹೋಗಿ ಲಕೋಟೆ ತಂದೆ, ಅವರ ಕಣ್ಣೆದುರೇ ಉದ್ದಕ್ಕೆ ಹರಿದೆ, ಅಡ್ಡಕ್ಕೆ ಹರಿದೆ, ಬಚ್ಚಲ ಒಲೆಗೆ ಹಾಕಿ ಬಂದೆ.